ಎನಾಮಲ್ ಬಣ್ಣದಲ್ಲಿ ಬ್ರಷ್ ಗೆರೆ ಉಳಿಯದಂತೆ ಮಾಡುವುದು ಹೇಗೆ?

ಎನಾಮಲ್ ಬಳಿದ ಬಾಗಿಲನ್ನು ಓರೆಯಾಗಿ ನಿಂತು ನೋಡಿ. ಬ್ರಷ್ಷಿನ ಗೆರೆಗಳು ಎದ್ದು ಕಾಣುತ್ತಿದ್ದರೆ, ಬಣ್ಣ ಹರಡಿಕೊಳ್ಳುವ ಮೊದಲೇ ಬಿಗಿದಿದೆ ಎಂದರ್ಥ. ಬಿಸಿಲು ಬೀಳುವ ಬಾಗಿಲಲ್ಲಿ ಇದು ಜಾಸ್ತಿ.

ಇದಕ್ಕೆ ಬಣ್ಣಕ್ಕೆ ಏನನ್ನಾದರೂ ಬೆರೆಸಬೇಕು. ಆದರೆ ಏನನ್ನು? ಮಿನರಲ್ ಟರ್ಪೆಂಟೈನ್ ಬಣ್ಣವನ್ನು ತೆಳುಮಾಡಿ ಆವಿಯಾಗಿ ಹೋಗುತ್ತದೆ. ಎಣ್ಣೆ ಅಂಶದ ಕಂಡೀಷನರ್ ಹಾಗಲ್ಲ. ಅದು ಬಣ್ಣದ ಜೊತೆಗೇ ನಿಧಾನವಾಗಿ ಒಣಗುತ್ತದೆ, ಗೆರೆಗಳು ಕೂಡಿಕೊಳ್ಳಲು ಸಮಯ ಸಿಗುತ್ತದೆ. ಅಮೆರಿಕದ ಪೆನೆಟ್ರಾಲ್, ಯುರೋಪಿನ ಓವಟ್ರಾಲ್ ಈ ಜಾತಿಯವು. ನಮ್ಮ ಪೇಂಟ್ ಅಂಗಡಿಯಲ್ಲಿ ಕೇಳಿದರೆ ಕೊಡುವುದು ಟರ್ಪೆಂಟೈನ್, ಇಲ್ಲವೇ ಲಿನ್ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ. ಬಿಳಿ ಬಣ್ಣಕ್ಕೆ ಅಗಸೆ ಎಣ್ಣೆ ಬೇಡವೇ ಬೇಡ, ಬರಬರುತ್ತಾ ಹಳದಿಯಾಗುತ್ತದೆ. ಎನ್‌ಸಿ ಥಿನ್ನರ್, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳುಮಾಡುವ ದ್ರವ, ಕೂಡ ಬೇಡ, ಕೆಳಗಿನ ಹಳೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಸೀಮೆಎಣ್ಣೆ ಸುರಿಯುವವರೂ ಇದ್ದಾರೆ. ಅಗ್ಗವೇನೋ ಹೌದು, ಹೊಳಪು ಮಾತ್ರ ಕೇಳಬೇಡಿ!

ಡಬ್ಬದ ಮೇಲೆ ಕಟ್ಟಿದ ಕೆನೆಯನ್ನು ಕಲಕದೆ ಹಾಗೇ ಎತ್ತಿ ಬಿಸಾಡಿ. ತಳದಿಂದ ಚೆನ್ನಾಗಿ ಕಲಸಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಅರ್ಧ ಲೀಟರ್ ಬಣ್ಣವನ್ನು ಬೇರೆ ಪಾತ್ರೆಗೆ ತೆಗೆದುಕೊಂಡು 25 ಮಿಲಿ ಟರ್ಪೆಂಟೈನ್ ಹಾಕಿ. ಅಳೆಯಲು ಕೆಮ್ಮಿನ ಸಿರಪ್ಪಿನ ಹಳೆಯ ಮುಚ್ಚಳ ಸಾಕು. ಸುಮ್ನೆ ಅಂದಾಜಿನಲ್ಲಿ ಸುರಿಯಬೇಡಿ. ಕಂಡೀಷನರ್ ಇದ್ದರೆ ಅದರ ಡಬ್ಬದ ಮೇಲಿನ ಅಳತೆಯನ್ನೇ ಪಾಲಿಸಿ.

ಈಗ ಒಂದು ಹಲಗೆ ತುಂಡಿಗೆ ಹಚ್ಚಿ, ನೆಟ್ಟಗೆ ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಗೆರೆ ಹಾಗೇ ಇದ್ದರೆ ಇನ್ನು 10 ಮಿಲಿ ಸೇರಿಸಿ ಮತ್ತೆ ನೋಡಿ. ಬಣ್ಣ ಕೆಳಗಿಳಿದು ಅಂಚಿನಲ್ಲಿ ಹನಿಗಟ್ಟಿದರೆ ಜಾಸ್ತಿಯಾಗಿದೆ, ಸೋಸಿಟ್ಟ ಬಣ್ಣ ಬೆರೆಸಿ ಸರಿಮಾಡಿ. ಈ ಪರೀಕ್ಷೆ ಮಾಡದೆ ಬಾಗಿಲಿಗೆ ಕೈ ಹಾಕಬೇಡಿ.

ಹಚ್ಚುವಾಗ ಬಾಗಿಲಿನ ಒಂದೊಂದೇ ಹಲಗೆ ಮುಗಿಸಿ. ಕೊನೆಗೆ ಬರೀ ಬ್ರಷ್ ತುದಿಯಿಂದ, ಮರದ ಎಳೆಯ ದಿಕ್ಕಿನಲ್ಲೇ, ಹಗುರವಾಗಿ ಎಳೆಯಿರಿ. ಆಮೇಲೆ ಮುಟ್ಟಬೇಡಿ. ಬಿಗಿಯತೊಡಗಿದ ಬಣ್ಣವನ್ನು ತಿದ್ದಲು ಹೋದರೇ ಗೆರೆ ಬೀಳುವುದು. ಮಳೆಗಾಲದ ತೇವದಲ್ಲಿ ಹೊಳಪು ಮಂಕಾಗುತ್ತದೆ, ಒಣ ದಿನ ಆರಿಸಿಕೊಳ್ಳಿ. ಎರಡನೇ ಕೋಟ್‌ಗೆ ಮೊದಲು ನಯವಾದ ಉಪ್ಪು ಕಾಗದದಿಂದ ಉಜ್ಜಿ.

ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ ಒಣಗಿಸಿ.