‘ಕಾಡಿಗೆ ಹೋಗ್ತೀರಾ?’ ಅಂತ ಕೇಳಿ ಕೆಟ್ಟೆ: ಮಂಗನ ಕಾಯಿಲೆಯ ಊರುಗಳಲ್ಲಿ ನನ್ನ ಅನುಭವ

ನಾನು ಬಯಲುಸೀಮೆಯವಳು. ನಮ್ಮ ಕಡೆ ಮರ ಅಂದರೆ ಹೊಲದ ಬದುವಿನ ಬೇವು, ಜಾಲಿ. ಊರಾಚೆ ನಾಲ್ಕು ಮರ ಒಟ್ಟಿಗೆ ಕಂಡರೆ ಅದು ಕಾಡು. ಈ ತಿಳಿವಳಿಕೆ ಇಟ್ಟುಕೊಂಡೇ ಸಾಗರ ತಾಲ್ಲೂಕಿಗೆ ಮಂಗನ ಕಾಯಿಲೆಯ ಸಮೀಕ್ಷೆಗೆ ಹೋದೆ.

2018ರ ಡಿಸೆಂಬರ್‌ನಲ್ಲಿ ಅದೇ ತಾಲ್ಲೂಕಿನ ಅರಳಗೋಡಿನಲ್ಲಿ ಜ್ವರ ಶುರುವಾಗಿ ಸಾವುಗಳಾಗಿದ್ದವು. ನಾವು ಹೋಗಿದ್ದು ಅದರ ಮುಂದಿನ ಚಳಿಗಾಲ. ಕೆಲಸ ಎರಡು. ಜ್ವರ ಬಂದವರು, ಬಾರದವರು ಇಬ್ಬರಿಂದಲೂ ಸ್ವಲ್ಪ ರಕ್ತ ತೆಗೆದು, ಹಿಂದೆ ಸೋಂಕು ತಗುಲಿದ ಗುರುತು ಇದೆಯಾ ಅಂತ ನೋಡೋದು. ಜೊತೆಗೆ ಯಾರ ಮೈಗೆ ಉಣುಗು (ರಕ್ತ ಹೀರುವ ಉಣ್ಣೆ) ಹತ್ತುತ್ತದೆ, ಎಲ್ಲಿ, ಯಾವ ಕೆಲಸ ಮಾಡುವಾಗ ಅಂತ ಕೇಳೋದು. ರಕ್ತ ತೆಗೆಯೋದು ಕಷ್ಟ, ಕೇಳೋದು ಸುಲಭ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ.

ಈ ಕಾಯಿಲೆ ಗೊತ್ತಿಲ್ಲದವರಿಗೆ ಎರಡು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೂ ಜ್ವರ ಬಂತು. ಹಾಗಾಗಿ ವೈರಸ್ಸಿಗೆ ಆ ಊರಿನ ಹೆಸರೇ ಬಂತು, ಜನರ ಬಾಯಲ್ಲಿ ಮಂಗನ ಕಾಯಿಲೆ ಆಯಿತು. ಪಾಪ, ಮಂಗ ನಮ್ಮ ಹಾಗೇ ಸಾಯುವ ಪ್ರಾಣಿ. ಕಾಯಿಲೆ ದಾಟಿಸೋದು ಉಣುಗು. ಅದರಲ್ಲೂ ಗಸಗಸೆ ಕಾಳಿನಷ್ಟಿರುವ ಮರಿ ಉಣುಗು. ಅವು ಜಾಸ್ತಿ ಇರೋದು ಮಳೆ ನಿಂತ ಮೇಲೆ, ಒಣ ಎಲೆಯ ನಡುವೆ. ದೊಡ್ಡ ಉಣುಗು ದನದ ಮೈ ಹತ್ತಿ ಕೊಟ್ಟಿಗೆ ದಾರಿಗೂ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜ್ವರದ ಕಾಲ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ.

ನಮ್ಮ ಫಾರಂ ಹನ್ನೊಂದು ಪುಟದ್ದು. ಇಂಗ್ಲಿಷಿನಲ್ಲಿ ಬರೆದು, ಕನ್ನಡಕ್ಕೆ ತಂದು, ಮತ್ತೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಎರಡೂ ತಾಳೆಯಾಗುತ್ತವೆ ಅಂತ ಖಾತ್ರಿ ಮಾಡಿಕೊಂಡಿದ್ದೆವು. ಇಂಥ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆಯೂ ಸಿಕ್ಕಿತ್ತು. ಅದರಲ್ಲಿ ಒಂದು ಪ್ರಶ್ನೆ: ‘ಕಳೆದ ಮೂವತ್ತು ದಿನಗಳಲ್ಲಿ ಅರಣ್ಯ ಪ್ರದೇಶಕ್ಕೆ ಭೇಟಿ ನೀಡಿದ್ದೀರಾ?’ ಓದಲು ನನಗೇ ಮುಜುಗರ. ಹಾಗಾಗಿ ಸರಳ ಮಾಡಿ, ‘ಕಾಡಿಗೆ ಹೋಗಿದ್ರಾ?’ ಅಂತ ಕೇಳುತ್ತಿದ್ದೆ.

ಮೊದಲ ದಿನ ಒಂದೆರಡು ಮನೆ ಬಿಟ್ಟರೆ ಎಲ್ಲರದೂ ಒಂದೇ ಉತ್ತರ. ಇಲ್ಲ.

ಒಬ್ಬ ಅಜ್ಜಿ ನೆನಪಿದ್ದಾರೆ. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕರುವಿನ ಕಿವಿ ಮಡಚಿ ಉಣುಗು ಕೀಳುತ್ತಿದ್ದರು. ಕಿತ್ತದ್ದನ್ನು ತೆಂಗಿನ ಚಿಪ್ಪಿನಲ್ಲಿದ್ದ ಸೀಮೆಎಣ್ಣೆಗೆ ಹಾಕುತ್ತಿದ್ದರು. ಅವರ ಹಿಂದೆ ಆಳೆತ್ತರದ ದರಕಿನ ರಾಶಿ, ಅಂದರೆ ಉದುರಿದ ಒಣ ಎಲೆ. ಅದರ ಮೇಲೆ ಗುಡಿಸುವ ಬರಲು. ನಾನು ಫಾರಂ ಹಿಡಿದು, ‘ಕಾಡಿಗೆ ಹೋಗಿದ್ರಾ ಅಜ್ಜಿ?’ ಅಂದೆ. ಅವರು ತಲೆ ಎತ್ತದೆ, ‘ಕಾಡಿಗೆ ಎಂತಕ್ಕೆ ಹೋಗೋದು ಮಾರಾಯ್ತಿ, ಹುಲಿ ಹಿಡಿಯೂಕಾ?’ ಅಂದರು. ನಾನು ‘ಇಲ್ಲ’ ಅನ್ನುವ ಚೌಕಕ್ಕೆ ಟಿಕ್ ಹಾಕಿ ಮುಂದಿನ ಪುಟ ತಿರುವಿದೆ. ಹೌದು, ಆ ರಾಶಿ ಕಣ್ಣೆದುರೇ ಇದ್ದರೂ.

ಸಂಜೆ ಆಶಾ ಕಾರ್ಯಕರ್ತೆ ನನ್ನ ಫಾರಂ ತಿರುವಿ ನೋಡಿ ನಕ್ಕರು. ‘ಮೇಡಂ, ಇವ್ರು ದಿನಾ ಬೆಟ್ಟಕ್ಕೆ ಹೋಗ್ತಾರೆ. ಬೆಟ್ಟ ಕಾಡಲ್ಲ.’ ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಅಡಿಕೆ ತೋಟಕ್ಕೆ ಸೊಪ್ಪು ತರುವ ಜಾಗ ಸೊಪ್ಪಿನಬೆಟ್ಟ, ಸುಮ್ನೆ ಬೆಟ್ಟ ಅಂತಾರೆ. ದನ ಮೇಯುವ ಹುಲ್ಲಿನ ಜಾಗ ಬ್ಯಾಣ. ಮರ ದಟ್ಟವಾಗಿದ್ದು ಬಿಸಿಲು ಬೀಳದ್ದು ಕಾನು. ಮನೆ ಹಿಂದಿನ ಮರಗಳ ತುಂಡು ಹಾಡಿ. ನನಗೆ ಎಲ್ಲವೂ ಒಂದೇ ಹಸಿರು. ಅವರಿಗೆ ಒಂದೊಂದಕ್ಕೂ ಬೇರೆ ಹೆಸರು, ಬೇರೆ ಕೆಲಸ, ಬೇರೆ ಹಕ್ಕು. ‘ಕಾಡು’ ಅಂದರೆ ಇವೆಲ್ಲ ಮುಗಿದ ಮೇಲೆ ಬರುವುದು.

ಇನ್ನೊಂದು ಮಾತು ಅವರು ದನಿ ತಗ್ಗಿಸಿ ಹೇಳಿದರು. ‘ಅರಣ್ಯ ಅಂತ ಬರೆದ ಕಾಗದಕ್ಕೆ ಸೈನು ಕೇಳ್ತೀರಲ್ಲ, ಯಾರು ಹೂಂ ಅಂತಾರೆ?’ ಶರಾವತಿ ಹಿನ್ನೀರಿನ ಆಚೆಯ ಈ ಊರುಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗೆ ಮನೆ, ಗದ್ದೆ ಮುಳುಗಿ ಬಂದವರು ಬಹಳ. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಕೂತ ಜಾಗ ದಾಖಲೆಯಲ್ಲಿ ಅರಣ್ಯ ಅಂತಿದ್ದು, ಹಕ್ಕುಪತ್ರಕ್ಕೆ ಇನ್ನೂ ಅಲೆಯುವ ಮನೆಗಳಿವೆ. ಅಂಥವರ ಎದುರು ನಾನು ಗುರುತಿನ ಚೀಟಿ ನೇತುಹಾಕಿಕೊಂಡು, ‘ಅರಣ್ಯಕ್ಕೆ ಹೋಗ್ತೀರಾ, ಇಲ್ಲಿ ಹೆಬ್ಬೆಟ್ಟು ಒತ್ತಿ’ ಅಂದರೆ? ನಾನಾಗಿದ್ದರೂ ಇಲ್ಲ ಅಂತಲೇ ಅನ್ನುತ್ತಿದ್ದೆ.

ಅನುವಾದ ಸರಿ ಇತ್ತು. ಎರಡು ಸಲ ತಾಳೆ ನೋಡಿದ್ದೆವು, ಅಲ್ವಾ. ಆ ಪದ ಕೇಳಿದವರಿಗೆ ಏನು ನೆನಪಾಗುತ್ತದೆ ಅಂತ ಮಾತ್ರ ಯಾರೂ ನೋಡಿರಲಿಲ್ಲ.

ಪ್ರಶ್ನೆ ಬದಲಿಸಿದೆವು. ದರಕು ಎಲ್ಲಿಂದ ತರ್ತೀರಿ? ಗುಡಿಸೋದು ಯಾರು, ಹೊರೋದು ಯಾರು? ದನ ಹೊಡ್ಕೊಂಡು ಹೋಗೋದು ಯಾರು? ಕಟ್ಟಿಗೆ ಎಲ್ಲಿಂದ? ಬಂದು ಕೂರೋದು ಎಲ್ಲಿ, ಸ್ನಾನ ಯಾವಾಗ? ಪ್ರಶ್ನೆ ಬದಲಿಸಲು ಮತ್ತೆ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯಿತು, ಮೊದಲು ಕೇಳಿದ ಮನೆಗಳಿಗೆ ಮತ್ತೆ ಹೋಗಬೇಕಾಯಿತು. ಆದರೆ ಈಗ ಉತ್ತರ ಬರುತ್ತಿತ್ತು. ಬೇಡ ಅನ್ನಿಸುವಷ್ಟು ಬರುತ್ತಿತ್ತು. ದರಕು ಗುಡಿಸೋದು ಹೆಚ್ಚಾಗಿ ಹೆಂಗಸರು ಅನ್ನೋದು ಗೊತ್ತಾಗಿದ್ದು ಆಗಲೇ. ಮೊದಲು ನಾವು ಮನೆಯ ಯಜಮಾನರನ್ನೇ ಹುಡುಕಿ ಕೇಳುತ್ತಿದ್ದೆವು.

ಡೆಪಾ ಎಣ್ಣೆಯದೂ ಹೀಗೇ. ಉಣುಗು ಹತ್ತಬಾರದು ಅಂತ ಕೈಕಾಲಿಗೆ ಹಚ್ಚಿಕೊಳ್ಳಲು ಸರ್ಕಾರ ಕೊಡುವ ಎಣ್ಣೆ ಅದು. ‘ಹಚ್ಕೊಳ್ತೀರಾ?’ ಅಂದರೆ ಎಲ್ಲರೂ ಹೂಂ. ಒಂದು ಮನೆಯಲ್ಲಿ ‘ಬಾಟ್ಲಿ ತೋರಿಸಿ’ ಅಂದೆ. ಗೂಡಿನಲ್ಲಿ ದೇವರ ಪಟದ ಪಕ್ಕ, ಸೀಲು ಒಡೆಯದೆ ಕೂತಿತ್ತು. ಯಾಕೆ ಅಂತ ಕೇಳಿದರೆ ಆಕೆ ಸ್ವಲ್ಪ ನಾಚಿ, ‘ಅದನ್ನ ಹಚ್ಚಿದ ಕೈಯಲ್ಲಿ ಎಲೆ ಅಡಿಕೆ ಹಾಕೋದು ಹೆಂಗೆ?’ ಅಂದರು. ಈ ಉತ್ತರಕ್ಕೆ ನಮ್ಮ ಹನ್ನೊಂದು ಪುಟದಲ್ಲಿ ಜಾಗವೇ ಇರಲಿಲ್ಲ. ‘ಇತರೆ’ ಅಂತ ಬರೆದೆ.

ಲಸಿಕೆಯ ವಿಷಯ ಇನ್ನೂ ಗೋಜಲು. ಆಗ ಕೊಡುತ್ತಿದ್ದದ್ದು ಸತ್ತ ವೈರಸ್ಸಿನ ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ರಕ್ಷಣೆ. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ಆದರೆ ಇಂಜೆಕ್ಷನ್ ವಿಪರೀತ ನೋವು. ಒಂದು ಹಾಕಿಸಿಕೊಂಡು, ತೋಳು ಎತ್ತಲಾಗದೆ ಎರಡು ದಿನದ ಕೂಲಿ ಕಳೆದುಕೊಂಡವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಆದರೂ ‘ನಂದು ಆಗಿದೆ’ ಅನ್ನುತ್ತಿದ್ದರು. ನಮ್ಮ ಕಷ್ಟ ಏನೆಂದರೆ, ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲೂ ನಾವು ಹುಡುಕುತ್ತಿದ್ದ ಗುರುತು, ಅಂದರೆ ಪ್ರತಿಕಾಯ, ಇರಬಹುದು. ಅದು ಉಣುಗಿನಿಂದ ಬಂತೋ ಸೂಜಿಯಿಂದ ಬಂತೋ ತಿಳಿಯಬೇಕಲ್ಲ. ಅದಕ್ಕೆ ಲಸಿಕೆಯ ರಿಜಿಸ್ಟರ್ ಹಿಡಿದು ಕೂತೆವು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು. ಯಾರ ಸೊಸೆ, ಯಾವ ಕೇರಿ ಅಂತ ಕೇಳಿ ಬಿಡಿಸಬೇಕಾಯಿತು. ಮುಂದೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು.

ಇನ್ನು ಲಾಂಚಿನ, ಅಂದರೆ ಹಿನ್ನೀರು ದಾಟಿಸುವ ದೋಣಿಯ ಕಥೆ. ಸೇತುವೆ ಆಗಿದ್ದು 2025ರ ಜುಲೈಯಲ್ಲಿ. ನಾವು ಓಡಾಡಿದ್ದು ಅದಕ್ಕೂ ಮೊದಲು. ಆಚೆ ದಡದ ತುಮರಿ ಕಡೆಯಿಂದ ಈ ದಡಕ್ಕೆ ಬರಬೇಕೆಂದರೆ ಆಗ ಲಾಂಚೇ ಗತಿ. ಒಂದು ದಿನ ನನ್ನದೇ ತಪ್ಪು. ‘ಇನ್ನೊಂದು ಮನೆ, ಇನ್ನೊಂದೇ ಮನೆ’ ಅಂತ ಹಟ ಹಿಡಿದು ಸಂಜೆಯ ಕೊನೇ ಲಾಂಚ್ ತಪ್ಪಿಸಿಕೊಂಡೆ. ಕಣ್ಣೆದುರೇ ದೀಪ ಹಾಕಿಕೊಂಡು ಹೋಯಿತು. ಡಬ್ಬದಲ್ಲಿ ಅವತ್ತಿನ ರಕ್ತದ ಟ್ಯೂಬುಗಳು. ರಾತ್ರಿ ಐಸ್ ಕರಗಿತು. ಬೆಳಗ್ಗೆ ಗುಂಡಿಯ ರಸ್ತೆಯಲ್ಲಿ ಜೀಪು ಕುಲುಕಿದ್ದಕ್ಕೆ ರಕ್ತಕಣ ಒಡೆದು, ತಿಳಿ ಹಳದಿ ಇರಬೇಕಾದ ಸೀರಂ, ಅಂದರೆ ರಕ್ತದ ಮೇಲೆ ನಿಲ್ಲುವ ತಿಳಿನೀರು, ಕೆಂಪಾಗಿತ್ತು. ಲ್ಯಾಬಿನವರು ಟ್ಯೂಬು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು. ಅಷ್ಟೂ ವೇಸ್ಟ್.

ಮತ್ತೆ ಅದೇ ಮನೆಗಳಿಗೆ ಹೋಗಿ ಮತ್ತೆ ತೋಳು ಕೇಳೋದು ಇದೆಯಲ್ಲ, ಅದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಮಾಡಿಲ್ಲ. ಸುಳ್ಳು ಹೇಳಬಹುದಿತ್ತು. ‘ಇನ್ನೊಂದು ಪರೀಕ್ಷೆ ಬಾಕಿ ಇದೆ’ ಅಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಲಾಂಚ್ ತಪ್ಪಿತು, ರಕ್ತ ಹಾಳಾಯಿತು, ನನ್ನ ತಪ್ಪು ಅಂದೆ. ಕೆಲವರು ಬೈದು ಕೊಟ್ಟರು, ಕೆಲವರು ಕೊಡಲೇ ಇಲ್ಲ. ಆಮೇಲಿಂದ ಬೆಳಗ್ಗೆ ಮಾತ್ರ ರಕ್ತ ತೆಗೆದು, ಆ ದಡದ ಆರೋಗ್ಯ ಕೇಂದ್ರದಲ್ಲೇ ಸೀರಂ ಬೇರ್ಪಡಿಸಿ, ಮಧ್ಯಾಹ್ನದ ಲಾಂಚಿಗೇ ಹೊರಡುತ್ತಿದ್ದೆವು. ಮನೆಗಳ ಲೆಕ್ಕ ಅರ್ಧಕ್ಕಿಳಿಯಿತು. ಇಳಿಯಲಿ.

ಕರುವಿನ ಕಿವಿಯಲ್ಲಿ ಉಣುಗು ಕೀಳುತ್ತಿದ್ದ ಅಜ್ಜಿಯೂ ಎರಡನೇ ಸಲ ರಕ್ತ ಕೊಟ್ಟವರು. ಕೊಡುವಾಗ, ‘ಈ ಸಲ ಎಂತ ಬಂತು ಅಂತ ನೀನೇ ಬಂದು ಹೇಳಬೇಕು’ ಅಂತ ಮಾತು ತೆಗೆದುಕೊಂಡಿದ್ದರು.

ಮಳೆ ಶುರುವಾದ ಮೇಲೆ ಫಲಿತಾಂಶ ಹಿಡಿದು ಹೋದೆ. ಅವರ ರಕ್ತದಲ್ಲಿ ಪ್ರತಿಕಾಯ ಇತ್ತು. ಲಸಿಕೆಯ ರಿಜಿಸ್ಟರಿನಲ್ಲಿ ಹೆಸರಿರಲಿಲ್ಲ. ಹಿಂದೆ ಯಾವಾಗಲೋ ಈ ಜ್ವರ ಬಂದು ಹೋಗಿರಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮನೆಯವರು ತೀರಿಹೋದ ವರ್ಷ ನಂಗೂ ಜ್ವರ ಬಂದಿತ್ತು. ಹದಿನೈದು ದಿನ ಎದ್ದಿರಲಿಲ್ಲ. ಅವರಿಗೂ ಇದೇನಾ?’

ಅಜ್ಜಿಯ ಯಜಮಾನರ ರಕ್ತ ನಮ್ಮ ಹತ್ತಿರ ಇರಲಿಲ್ಲ. ಗೊತ್ತಿಲ್ಲ ಅಜ್ಜಿ, ಇರಬಹುದು ಅಂದೆ. ಅವರು ನನ್ನ ಕೈಯಿಂದ ಕಾಗದ ತಗೊಂಡು, ಓದಲು ಬರದಿದ್ದರೂ ಒಮ್ಮೆ ತಿರುಗಿಸಿ ನೋಡಿ, ರೇಷನ್ ಕಾರ್ಡಿದ್ದ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟರು. ‘ಕೂತ್ಕೋ, ಕಾಫಿ ಕುಡ್ಕಂಡು ಹೋಗು. ಲಾಂಚಿಗೆ ಇನ್ನೂ ಹೊತ್ತಿದೆ’ ಅಂದರು.