ಐದು ವಾಟಿಗೆ ಮೂರು ಮಾಸ್‌ಫೆಟ್

ಹವ್ಯಾಸಿ ರೇಡಿಯೊ ಪರವಾನಗಿ ಕೈಗೆ ಬಂದ ಮೇಲೆ ನಾನು ಕಟ್ಟಿದ 7 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್‌ನಿಂದ ಹೊರಬೀಳುತ್ತಿದ್ದುದು ಅರ್ಧ ವಾಟ್. ರಾಜಾಜಿನಗರದ ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿಗೂ ಪಕ್ಕದ ತೆಂಗಿನ ಮರಕ್ಕೂ ನಡುವೆ ಎಳೆದ ತಂತಿಯಿಂದ ಹೊರಟ ಆ ದನಿ ಗದ್ದಲದಲ್ಲೇ ಕರಗಿಹೋಗುತ್ತಿತ್ತು. ಐದು ವಾಟ್ ಬೇಕೆಂದು ಹಟ ಹಿಡಿದೆ.

ಸಂಕೇತದ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಕಟ್ಟಲು ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಐಆರ್‌ಎಫ್510 ಕೇಳಿದೆ. ಸ್ವಿಚ್ಚಿನ ಕೆಲಸಕ್ಕೆಂದು ಹುಟ್ಟಿದ ಮಾಸ್‌ಫೆಟ್ ಇದು, ಮೂರು ಕಾಲಿನ ಟ್ರಾನ್ಸಿಸ್ಟರ್: ಗೇಟ್ ಕಾಲಿನ ವೋಲ್ಟೇಜ್, ಡ್ರೈನ್ ಕಾಲಿನಿಂದ ಸೋರ್ಸ್ ಕಾಲಿಗೆ ಹರಿಯುವ ಕರೆಂಟನ್ನು ಹಿಡಿತದಲ್ಲಿಡುತ್ತದೆ. ಅಗ್ಗವೆಂದು ಹವ್ಯಾಸಿಗಳು ರೇಡಿಯೊಗೂ ದುಡಿಸಿಕೊಳ್ಳುತ್ತಾರೆ. ಒಂದು ಸಾಕು ಎಂದೆ. "ಮೂರು ತೆಗೆದುಕೊಳ್ಳಿ ಸರ್, ಮತ್ತೆ ಬರುವುದು ತಪ್ಪುತ್ತದೆ" ಎಂದರು ಅಂಗಡಿಯವರು.

ಲೆಕ್ಕ ಸುಲಭ. ಆಂಟೆನಾ 50 ಓಮ್. ಅದಕ್ಕೆ ಐದು ವಾಟ್ ಕೊಡಲು ತರಂಗದ ತುದಿ 22 ವೋಲ್ಟ್ ಮುಟ್ಟಬೇಕು. ನನ್ನಲ್ಲಿದ್ದುದು 12 ವೋಲ್ಟ್. ಹಾಗಾಗಿ ಫೆರೈಟ್ ಉಂಗುರಕ್ಕೆ ಒಂದಕ್ಕೆರಡು ಸುತ್ತಿನ ಟ್ರಾನ್ಸ್‌ಫಾರ್ಮರ್ ಸುತ್ತಿದೆ. ಈಗ ಡ್ರೈನ್‌ಗೆ ಆ 50 ಓಮ್ 12.5 ಓಮ್ ಆಗಿ ಕಾಣುತ್ತದೆ, ಐದು ವಾಟ್ ದಕ್ಕುತ್ತದೆ.

ಮೊದಲನೆಯ ಮಾಸ್‌ಫೆಟ್ ಸತ್ತದ್ದು ನನ್ನ ಅವಸರಕ್ಕೆ. ಗೇಟಿಗೆ ಕೊಡುವ ಸ್ಥಿರ ವೋಲ್ಟೇಜನ್ನು, ಅಂದರೆ ಬಯಾಸನ್ನು, ಹೊಂದಿಸುವ ತಿರುಗುಗುಂಡಿ ಯಾವ ತುದಿಯಲ್ಲಿದೆ ಎಂದು ನೋಡದೆ ಸ್ವಿಚ್ ಒತ್ತಿದೆ, ಗೇಟಿಗೆ ಪೂರ್ತಿ ವೋಲ್ಟೇಜ್ ಹೋಯಿತು.

ಎರಡನೆಯದು ಪಾಠ ಕಲಿಸಿ ಸತ್ತಿತು. ಆಂಟೆನಾ ಬದಲು ಡಮ್ಮಿ ಲೋಡ್ ಸಿಕ್ಕಿಸಿದ್ದೆ: ಒಂದು ಕಿಲೋ ಓಮಿನ ಇಪ್ಪತ್ತು ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದ ಗೊಂಚಲು. ಬಯಾಸನ್ನು ಮೆಲ್ಲಗೆ ಏರಿಸಿದೆ. ಕರೆಂಟ್ 60 ಮಿಲಿಆಂಪ್, 80, 90... ಇದ್ದಕ್ಕಿದ್ದಂತೆ ಮುಳ್ಳು ಒಂದೂವರೆ ಆಂಪಿಯರಿಗೆ ಹಾರಿತು. ಇನ್‌ಪುಟ್ ತಂತಿ ಮೇಜಿನ ಮೇಲೆ ಬಿಡಿಯಾಗಿ ಬಿದ್ದಿತ್ತು. ಆದರೂ ಗೊಂಚಲು ಮುಟ್ಟಿದರೆ ಬೆಚ್ಚಗಿತ್ತು. ಔಟ್‌ಪುಟ್ಟಿನ ಶಕ್ತಿ ಸೋರಿ ಗೇಟಿಗೇ ಹಿಂದಿರುಗಿ, ಆಂಪ್ಲಿಫೈಯರ್ ತಾನೇ ಹಾಡಲು ತೊಡಗಿತ್ತು. ಸ್ವಿಚ್ಚಿಗೆ ಕೈ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು.

ಆ ಹಾಡು ತಡೆಯಲು ಮೂರನೆಯದಕ್ಕೆ ಗೇಟ್ ಕಾಲಿನ ಬುಡದಲ್ಲೇ 10 ಓಮಿನ ರೆಸಿಸ್ಟರ್ ಕೂರಿಸಿದೆ. ಸೋರ್ಸ್ ಕಾಲನ್ನು ಆದಷ್ಟು ಗಿಡ್ಡ ಕತ್ತರಿಸಿ ತಾಮ್ರದ ಹಾಳೆಗೆ ನೇರವಾಗಿ ಬೆಸೆದೆ. ಬೆನ್ನಿನ ಲೋಹ ಡ್ರೈನ್‌ಗೇ ಅಂಟಿರುವುದರಿಂದ ಹೀಟ್ ಸಿಂಕ್ ನಡುವೆ ಅಭ್ರಕದ ಹಾಳೆ ಇಟ್ಟೆ. ಕರೆಂಟ್ ನೂರರಲ್ಲಿ ನಿಂತಿತು. ಟೊರಾಯ್ಡ್ ಎಂಬ ಎರಡು ಕೆಂಪು ಉಂಗುರಗಳಿಗೆ ತಂತಿ ಸುತ್ತಿ, 7 ಮೆಗಾಹರ್ಟ್ಸ್‌ನ ದುಪ್ಪಟ್ಟು, ಮುಪ್ಪಟ್ಟು ತರಂಗಗಳನ್ನು ತಡೆಯುವ ಫಿಲ್ಟರ್ ಸೇರಿಸಿದೆ. ಅದಿಲ್ಲದಿದ್ದರೆ 14, 21 ಮೆಗಾಹರ್ಟ್ಸ್‌ನಲ್ಲೂ ನನ್ನದೇ ಗಲಾಟೆ.

ಆ ಭಾನುವಾರ ಮಂಗಳೂರಿನ ಹಿರಿಯ ಹವ್ಯಾಸಿಯೊಬ್ಬರು ಸಿಕ್ಕರು. "ಕೇಳಿಸುತ್ತಿದೆ, ಆದರೆ ಅಕ್ಕಪಕ್ಕಕ್ಕೂ ಚೆಲ್ಲುತ್ತಿದ್ದೀರಿ" ಎಂದರು. ಖುಷಿಯಲ್ಲಿ ಮೈಕಿಗೆ ಕೂಗಿದ್ದೆ. ತರಂಗದ ತುದಿ 12 ವೋಲ್ಟಿನ ಗೋಡೆಗೆ ತಗುಲಿ ಚಪ್ಪಟೆಯಾದರೆ ಹೀಗೇ ಆಗುತ್ತದೆ. ಮೈಕ್ ಗೇನ್ ಇಳಿಸಿದೆ.

ತಾರಸಿಯಿಂದ ಕಾಣುವ ಮೊಬೈಲ್ ಟವರಿಗೂ ಇದೇ ಕಾಟ. 4ಜಿ ಸಂಕೇತದ ತುದಿಗಳು ಸರಾಸರಿಗಿಂತ ಬಹಳ ಎತ್ತರ. ಅವಕ್ಕೆಂದು ಜಾಗ ಬಿಟ್ಟರೆ ಉಳಿದ ಹೊತ್ತೆಲ್ಲ ವಿದ್ಯುತ್ ಶಾಖವಾಗಿ ಪೋಲು. ಅಮೆರಿಕದ ಬೆಲ್ ಪ್ರಯೋಗಾಲಯದ ಡೊಹರ್ಟಿ 1936ರಲ್ಲೇ ಇದಕ್ಕೊಂದು ಉಪಾಯ ಹೂಡಿದ್ದರು: ಒಂದು ಆಂಪ್ಲಿಫೈಯರ್ ದಿನವಹಿ ಅಡುಗೆಗೆ, ಇನ್ನೊಂದು ಮದುವೆ ಊಟದ ದಿನ ಮಾತ್ರ ಒಲೆ ಹಚ್ಚುವ ಬಾಣಸಿಗ. ಇಂದಿನ ಟವರುಗಳಲ್ಲೂ ಆ ಜೋಡಿಯೇ ದುಡಿಯುತ್ತದೆ.

ನಾನಂತೂ ನಾಲ್ಕು ವಾಟಿನಲ್ಲೇ ಮಾತನಾಡುತ್ತೇನೆ, ಮೆಲ್ಲಗೆ.