ಲಾವಾ ಬಂಡೆಯ ಕಡಲ ದಂಡೆಯಲ್ಲಿ ಗೈಡ್ ಜೊತೆ ಸ್ನಾರ್ಕಲಿಂಗ್ ಮಾಡೋದು ಹೇಗೆ

ಸ್ನಾರ್ಕಲಿಂಗ್ ಅಂದ್ರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಪೈಪ್ ಇಟ್ಕೊಂಡು ನೀರಿನ ಮೇಲೆ ತೇಲ್ತಾ ಕೆಳಗೆ ನೋಡೋದು. ಹವಾಯಿಯ ಬಿಗ್ ಐಲ್ಯಾಂಡ್ ಥರದ ಜ್ವಾಲಾಮುಖಿ ದಂಡೆಯಲ್ಲಿ ನೀರಿಗಿಳಿಯೋದು ಮರಳಿನ ಬೀಚ್ ಥರ ಅಲ್ವೇ ಅಲ್ಲ, ಲಾವಾ ಬಂಡೆ ಚೂಪು, ಸಂದಿಲೆಲ್ಲಾ ಮುಳ್ಳಿನ ಸೀ ಅರ್ಚಿನ್ ಅನ್ನೋ ಸಮುದ್ರ ಜೀವಿಗಳು ಕೂತಿರ್ತವೆ, ಅದಕ್ಕೇ ಗೈಡ್ ಬೇಕು ಅನ್ನೋದು.

ಮೊದಲು ಮಾಸ್ಕ್. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರೆಳ್ಕೊಳ್ಳಿ, ಕೈ ಬಿಟ್ರೂ ಅಂಟ್ಕೊಂಡಿದ್ರೆ ಸೈಜ್ ಸರಿ ಇದೆ. ಅಂಚಿನ ಕೆಳಗೆ ಕೂದಲು ಸಿಕ್ಕಿದ್ರೆ ನೀರು ನುಗ್ಗತ್ತೆ. ಪೈಪಿಗೆ ನೀರು ಬಂದ್ರೆ ಗಾಬರಿ ಬೇಡ, ಜೋರಾಗಿ ಒಂದ್ಸಲ ಊದಿ.

ಇಳಿಯೋದು ಹತ್ತೋದು ಇದೇ ಅಸಲಿ ಕಷ್ಟ. ಅಲೆಗಳು ಗುಂಪಾಗಿ ಬರ್ತವೆ, ದೊಡ್ಡವು ಮುಗಿದು ಸ್ವಲ್ಪ ತಣ್ಣಗಾದಾಗ ಗೈಡ್ ಕೈ ಸನ್ನೆ ಮಾಡ್ತಾರೆ, ಆಗ ಮಾತ್ರ ಇಳೀರಿ, ಆಮೇಲೆ ಬಂಡೆಯಿಂದ ದೂರ ಈಜಿ ಯಾಕಂದ್ರೆ ಹತ್ರ ಇದ್ರೆ ಅಲೆ ನಿಮ್ಮನ್ನ ಎತ್ತಿ ಬಂಡೆಗೇ ಬಡಿಯತ್ತೆ. ಲಾವಾ ಗುಹೆ ಒಳಗೆ ಹೋಗ್ಲೇಬೇಡಿ, ಎಷ್ಟೇ ಚೆಂದ ಕಂಡ್ರೂ.

ಕೆಲವು ಕಡೆ ನೀರು ದಿಢೀರ್ ಅಂತ ತಣ್ಣಗಾಗಿ ಎದುರಿಗಿರೋದೆಲ್ಲಾ ಮಸುಕಾಗತ್ತೆ, ಮಾಸ್ಕ್ ತೊಂದರೆ ಅಲ್ಲ ಅದು, ಲಾವಾ ಬಂಡೆಯ ಬಿರುಕಿಂದ ಸಿಹಿನೀರು ಬಂದು ಉಪ್ಪುನೀರಿಗೆ ಸೇರ್ತಿರೋದು. ನನಗಂತೂ ಇದೇ ಇಲ್ಲಿನ ಅತಿ ಸೊಗಸಾದ ವಿಷಯ!

ಹವಳದ ಮೇಲೆ ನಿಲ್ಲಬೇಡಿ, ಆಮೆಗಳಿಂದ ಕನಿಷ್ಠ 3 ಮೀಟರ್ ದೂರ ಇರಿ. ಹವಾಯಿಯಲ್ಲಿ ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರಾಟ 2021ರಿಂದ ನಿಷೇಧ, ಮನೆಯಿಂದಲೂ ತರಬೇಡಿ, ತುಂಬು ತೋಳಿನ ಈಜು ಟೀಶರ್ಟ್ ಹಾಕೊಳ್ಳಿ, ಬಿಸಿಲಿಗೂ ಆಯ್ತು ಬಂಡೆ ತರಚೋದಕ್ಕೂ ಆಯ್ತು.